ರಾಗ ಹಾಕಿ ಹೊಲಿದ ಕೋಟು

ನಮ್ಮ ಬೀದಿಯ ಟೈಲರಿಗೆ ತಂದೆತಾಯಿ ಇಟ್ಟ ಹೆಸರೊಂದು ಇರಲೇಬೇಕು. ಮತದಾರರ ಪಟ್ಟಿಯಲ್ಲಿ ಹುಡುಕಿದರೆ ಸಿಕ್ಕೀತು. ನಾವು ಮಾತ್ರ ಅವರನ್ನು ಎದುರಿಗೆ 'ಮಾಸ್ಟರ್' ಎಂದೂ ಬೆನ್ನ ಹಿಂದೆ 'ಅರ್ಧ ಇಂಚು' ಎಂದೂ ಕರೆಯುತ್ತೇವೆ. ಇದಕ್ಕೆ ಕಾರಣ ಅವರ ಎತ್ತರವಲ್ಲ. ಅವರು ಹೊಲಿದ ಬಟ್ಟೆ ಯಾವ ಗಿರಾಕಿಯ ಮೈಗೂ ಸರಿಯಾಗಿ ಕೂತದ್ದಿಲ್ಲ, ಹಾಗಂತ ಪೂರ್ತಿ ಕೆಟ್ಟದ್ದೂ ಇಲ್ಲ. ಅರ್ಧ ಇಂಚು ಹೆಚ್ಚು, ಇಲ್ಲವೇ ಅರ್ಧ ಇಂಚು ಕಡಿಮೆ. ಇಪ್ಪತ್ತೆರಡು ವರ್ಷಗಳಲ್ಲಿ ಈ ನಿಯಮ ಒಮ್ಮೆಯೂ ತಪ್ಪಿಲ್ಲ. ಯಾರಾದರೂ ದೂರು ತಂದರೆ ಮಾಸ್ಟರ್ ಕುತ್ತಿಗೆಯ ಟೇಪನ್ನು ಇಳಿಸದೆಯೇ ಹೇಳುತ್ತಿದ್ದರು:

"ಬಟ್ಟೆ ಸರಿಯಾಗೇ ಇದೆ ಸಾರ್. ಅಳತೆ ಕೊಟ್ಟ ದಿವಸ ನೀವು ಉಸಿರು ಎಳ್ಕೊಂಡಿದ್ರಿ."

ಅಂಗಡಿ ಎಂದರೆ ಮೂಲೆಯ ಕಟ್ಟಡದ ಕೆಳಗಿನ ಒಂದು ಕೋಣೆ. ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಕಾಜಾ ಹಾಕುತ್ತ ಕೂರುವ ಹೆಂಡತಿ ಮತ್ತು ಒಂದು ರೇಡಿಯೊ. ರೇಡಿಯೊ ಇದ್ದದ್ದು ಕೇಳುವುದಕ್ಕಲ್ಲ. ಅದು ಅರಚದಿದ್ದರೆ ಅಂಗಡಿ ಮುಚ್ಚಿದೆ ಎಂದುಕೊಂಡು ಗಿರಾಕಿಗಳು ತಿರುಗಿ ಹೋಗುತ್ತಿದ್ದರು. ಸಂಗೀತಕ್ಕೂ ಮಾಸ್ಟರಿಗೂ ಇದ್ದ ನಂಟು ಕೊಡೆಗೂ ಮೀನಿಗೂ ಇರುವಂಥದು. ಜೋಗುಳ ಯಾವುದು, ಯುದ್ಧದ ಕಹಳೆ ಯಾವುದು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ಅವರ ಕಿವಿಗೆ ಕೇಳದ್ದು ಕಾಲಿಗೆ ಕೇಳುತ್ತಿತ್ತು. ಹಾಡು ಓಡಿದರೆ ಪೆಡಲು ಓಡುತ್ತಿತ್ತು, ಹಾಡು ತೂಕಡಿಸಿದರೆ ಪೆಡಲೂ ತೂಕಡಿಸುತ್ತಿತ್ತು. ಇದು ಬೀದಿಗೆಲ್ಲ ಗೊತ್ತಿತ್ತು, ಕಾಲಿನ ಯಜಮಾನರೊಬ್ಬರನ್ನು ಬಿಟ್ಟು.

ಎಲ್ಲ ಶುರುವಾದದ್ದು ಅಂಚೆ ಕಚೇರಿಯ ಗುಮಾಸ್ತರ ಪ್ಯಾಂಟಿನಿಂದ.

ಈ ಗುಮಾಸ್ತರು ನಿಧಾನಕ್ಕೆ ಹೆಸರಾದವರು. ಅವರು ಒಂದು ಲಕೋಟೆಗೆ ಮುದ್ರೆ ಒತ್ತುವಷ್ಟರಲ್ಲಿ ಬರೆದವರ ಮನಸ್ಸು ಬದಲಾಗಿ, ಪತ್ರವನ್ನು ವಾಪಸು ಇಸಿದುಕೊಂಡು ಹೋದ ಉದಾಹರಣೆಗಳಿವೆ. ಅಂಥವರು ಒಂದು ಸೋಮವಾರ ಹೊಸ ಪ್ಯಾಂಟು ಹಾಕಿಕೊಂಡು ಕಚೇರಿಗೆ ಹೋದರು, ಕುರ್ಚಿಯಲ್ಲಿ ಕೂತರು, ಕೂತಷ್ಟೇ ವೇಗವಾಗಿ ಎದ್ದರು. ಆಮೇಲೆ ದಿನವಿಡೀ ಕೂರಲೇ ಇಲ್ಲ. ನಿಂತಲ್ಲೇ ಕುಣಿಯುತ್ತ, ಡೋಲು ಬಾರಿಸಿದ ಹಾಗೆ ಮುದ್ರೆ ಒತ್ತಿದರು. ಹನ್ನೊಂದು ಗಂಟೆಗೆ ಸಾಲು ಕರಗಿತು. ಹನ್ನೊಂದೂಕಾಲಿಗೆ ಅವರು ಬೀದಿಗೆ ಬಂದು, "ಯಾರಿಗಾದ್ರೂ ಪತ್ರ ಹಾಕೋದಿದ್ಯೇನ್ರೀ?" ಎಂದು ಕೂಗಿದರು. ಪೋಸ್ಟ್‌ಮಾಸ್ಟರು ಹೆದರಿ ಅವರಿಗೆ ಕುಡಿಯಲು ನೀರು ಕೊಟ್ಟರಂತೆ.

ಸಂಜೆ ಗುಮಾಸ್ತರು ಅಂಗಡಿಗೆ ಬಂದರು.

"ಏನ್ ಮಾಡಿದೀರಿ ಮಾಸ್ಟರ್ ಈ ಪ್ಯಾಂಟಿಗೆ?"

"ಯಾಕೆ ಸಾರ್, ಅರ್ಧ ಇಂಚು ಏನಾದ್ರೂ..."

"ಇಂಚಿನ ಮನೆ ಹಾಳಾಗ್ಲಿ! ಬೆಳಿಗ್ಗೆಯಿಂದ ಕೂರೋಕೇ ಆಗ್ತಿಲ್ಲ ಕಣ್ರೀ. ಕೂತ್ರೆ ಸಾಕು, ಒಳಗಿಂದ ಏನೋ 'ಏಳು, ಏಳು' ಅನ್ನತ್ತೆ. ಮೂವತ್ತು ವರ್ಷದಲ್ಲಿ ಮೊದಲನೇ ಸಲ ನಮ್ಮ ಸಾಹೇಬರು ನನ್ನ ಹೊಗಳಿದ್ರು. ಇನ್ನೊಂದು ಹೀಗೇ ಹೊಲಿದುಕೊಡಿ."

ಮೂಲೆಯಲ್ಲಿ ಹೆಂಡತಿ ದಿನದ ಕೊನೆಯ ಕೆಲಸ ಮಾಡುತ್ತಿದ್ದರು. "ರೀ, ಗುಂಡುಸೂಜಿ ಇಪ್ಪತ್ನಾಲ್ಕಿತ್ತು. ಇಪ್ಪತ್ಮೂರೇ ಇದೆ."

"ಸ್ವಲ್ಪ ಸುಮ್ನಿರ್ತೀಯಾ? ಇಲ್ಲಿ ದೊಡ್ಡ ವಿಷಯ ನಡೀತಿದೆ."

ಮಾಸ್ಟರ್ ಯೋಚಿಸಿದರು. ಅವರು ಯೋಚಿಸುವುದು ಅಪರೂಪ. ಯೋಚಿಸಿದಾಗ ಅದರ ಹೊಡೆತ ಸುತ್ತಲಿನವರಿಗೆ ಬೀಳುತ್ತದೆ. ಆ ಪ್ಯಾಂಟು ಹೊಲಿದ ದಿನ ರೇಡಿಯೊದಲ್ಲಿ ಭಾರಿ ಕುಣಿತದ ಹಾಡು ಬಂದಿತ್ತು. ಅದನ್ನು ನೆನಪಿಟ್ಟುಕೊಂಡದ್ದು ಅವರ ಕಿವಿಯಲ್ಲ, ಮೀನಖಂಡ. ಮಾರನೆಯ ದಿನವೆಲ್ಲ ನೋಯುತ್ತಿತ್ತು. ಅಂದಮೇಲೆ ಹಾಡು ಎಲ್ಲಿಗೆ ಹೋಯಿತು? ಕಾಲಿನಿಂದ ಪೆಡಲಿಗೆ, ಪೆಡಲಿನಿಂದ ಚಕ್ರಕ್ಕೆ, ಚಕ್ರದಿಂದ ಸೂಜಿಗೆ, ಸೂಜಿಯಿಂದ ಹೊಲಿಗೆಗೆ, ಹೊಲಿಗೆಯಿಂದ ಗುಮಾಸ್ತರಿಗೆ. ಇಷ್ಟು ನೇರವಾದ ದಾರಿ ನಮ್ಮ ಊರಿನ ಯಾವ ಇಲಾಖೆಯಲ್ಲೂ ಇಲ್ಲ.

"ಹೊಲಿಯೋವಾಗ ಯಾವ ಹಾಡು ಬರತ್ತೋ, ಆ ಹಾಡು ಬಟ್ಟೆ ಒಳಗೆ ಸೇರ್ಕೊಳತ್ತೆ," ಎಂದು ಮಾಸ್ಟರ್ ಘೋಷಿಸಿದರು. "ಹಾಕ್ಕೊಂಡೋರ ಮನಸ್ಸು ಹಾಗೇ ಆಗತ್ತೆ."

ಎರಡನೆಯ ಪ್ಯಾಂಟಿನಲ್ಲಿ ಸೂಜಿ ಉಳಿದಿರಲಿಲ್ಲ. ಹೆಂಡತಿ ಎರಡು ಸಲ ಎಣಿಸಿದ್ದರು. ಆದರೂ ಗುಮಾಸ್ತರು ಕೂರಲಿಲ್ಲ. ಹೊಗಳಿಕೆಯ ರುಚಿ ಹತ್ತಿದ ಮೇಲೆ ಮನುಷ್ಯನಿಗೆ ಕುರ್ಚಿ ಚುಚ್ಚಬೇಕಾಗಿಲ್ಲ.

ಸುದ್ದಿ ಹಬ್ಬಿತು. ಹಿಂದಿನ ಬೀದಿಯ ಸೊಸೆಯೊಬ್ಬಳು ಬಂದು, ಧ್ವನಿ ತಗ್ಗಿಸಿ, "ಅತ್ತೆಗೊಂದು ಗೌನು. ಬಾಯಿ ಸ್ವಲ್ಪ ಕಡಿಮೆ ಆಗೋ ಥರದ ಹಾಡು ಹಾಕಿ," ಎಂದಳು. ಅವಳು ಮೂಲೆ ತಿರುಗುವುದರೊಳಗೆ ಅತ್ತೆ ಬಂದು, "ಸೊಸೆಗೊಂದು ಏಪ್ರನ್ನು. ಕೈ ಸ್ವಲ್ಪ ಚುರುಕಾಗೋ ಥರದ್ದು," ಎಂದರು. ಇಬ್ಬರಿಗೂ ಒಂದೇ ದಿನ ಬಟ್ಟೆ ಸಿಕ್ಕಿತು. ಅಂದಿನಿಂದ ಆ ಮನೆಯಲ್ಲಿ ಜಗಳವೇ ಇಲ್ಲ. ಬಟ್ಟೆ ಕೆಲಸ ಮಾಡುತ್ತಿದೆಯೇ ಎಂದು ಅವಳು ಇವರನ್ನೂ ಇವರು ಅವಳನ್ನೂ ಬೆಳಗಿನಿಂದ ಸಂಜೆಯವರೆಗೆ ಕಣ್ಣಿಟ್ಟು ನೋಡುತ್ತಿದ್ದರೆ ಜಗಳಕ್ಕೆ ಪುರುಸೊತ್ತೆಲ್ಲಿ? ಹಲ್ಲಿನ ಡಾಕ್ಟರು ತಮ್ಮ ಕುರ್ಚಿಗೆ 'ಧೈರ್ಯದ ಹೊದಿಕೆ' ಮಾಡಿಸಿದರು. ಅದರ ಮೇಲೆ ಕೂತ ಮೊದಲ ರೋಗಿಗೆ ಎಷ್ಟು ಧೈರ್ಯ ಬಂತೆಂದರೆ, ಡಾಕ್ಟರನ್ನು ತಳ್ಳಿ ಎದ್ದು ಹೋದ.

ರೇಡಿಯೊದಲ್ಲಿ ಒಂದು ತೊಂದರೆಯಿತ್ತು. ಹಾಡಿನ ನಡುವೆ ವಾರ್ತೆ ಬರುತ್ತಿತ್ತು. ಕನ್ನಡಕದ ಅಂಗಡಿಯವರ ಅಂಗಿ ಅರ್ಧ ಪ್ರೇಮಗೀತೆಗೂ ಅರ್ಧ ಹವಾಮಾನ ವರದಿಗೂ ಸಿಕ್ಕಿಹಾಕಿಕೊಂಡು, ಅವರು ಒಂದು ವಾರ ಹೆಂಡತಿಯ ಕೈ ಹಿಡಿದು ಆಕಾಶ ನೋಡುತ್ತ ಓಡಾಡಿದರು. ಹಾಗಾಗಿ ಮಾಸ್ಟರ್ ರೇಡಿಯೊ ಬಿಟ್ಟು ತಮ್ಮ ಭಾವಮೈದುನನನ್ನು ಕರೆಸಿಕೊಂಡರು. ಆತ ಊರಿನ ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ಆ ಬ್ಯಾಂಡಿಗೆ ಬರುತ್ತಿದ್ದದ್ದು ಒಂದೇ ರಾಗ. ಅದನ್ನು ಓಡಿಸಿ ಊದಿದರೆ ಮದುವೆ, ಎಳೆದು ಊದಿದರೆ ಶವಯಾತ್ರೆ. ಒಂದು ಊರಿನ ಬದುಕಿಗೆ ಇದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ.

ಇಲ್ಲಿಯವರೆಗೆ ಎಲ್ಲ ಸುಖವಾಗಿತ್ತು. ಆಗ ಮೇಲಿನಿಂದ ಕಟ್ಟಡದ ಮಾಲೀಕರು ಇಳಿದು ಬಂದರು.

ಮಾಲೀಕರು ಅಂಗಡಿಯ ಮೇಲಿನ ಮಹಡಿಯಲ್ಲೇ ವಾಸ. ಬೀದಿಯಲ್ಲಿ ಅವರಿಗೆ 'ಆಗಲ್ಲ ಸಾಹೇಬರು' ಎಂದು ಹೆಸರು. ಗೋಡೆಗೆ ಸುಣ್ಣ? ಆಗಲ್ಲ. ಸೋರುವ ನಲ್ಲಿ? ಆಗಲ್ಲ. ಒಮ್ಮೆ ಯಾರೋ "ಆರೋಗ್ಯವಾಗಿದೀರಾ?" ಎಂದು ಕೇಳಿದ್ದಕ್ಕೂ ಅಭ್ಯಾಸಬಲದಿಂದ "ಆಗಲ್ಲ" ಎಂದಿದ್ದರು. ಅವರು ಅಂದು ಕಂಕುಳಲ್ಲಿ ಒಂದು ಬಟ್ಟೆಯ ಗಂಟು ಇಟ್ಟುಕೊಂಡು ಬಂದು, ನಿಂತೇ ಹೇಳಿದರು:

"ಎರಡು ವಿಷಯ, ಮಾಸ್ಟರ್. ಒಂದು, ಒಂದನೇ ತಾರೀಕಿಗೆ ಅಂಗಡಿ ಖಾಲಿ ಮಾಡಿ. ನೆಲಕ್ಕೆ ಹಾಕೋ ಟೈಲ್ಸ್‌ನೋರು ಅಂಗಡಿ ಇಡೋಕೆ ಬರ್ತಾರೆ. ಎರಡು, ವರ್ತಕರ ಸಂಘಕ್ಕೆ ನನ್ನ ಅಧ್ಯಕ್ಷ ಮಾಡಿದಾರೆ. ಖಾಲಿ ಮಾಡೋಕೆ ಮುಂಚೆ ಒಂದು ಕೋಟು ಹೊಲಿದುಕೊಡಿ."

"ಸಾರ್, ಇಪ್ಪತ್ತೆರಡು ವರ್ಷದಿಂದ ಇಲ್ಲೇ..."

"ಆಗಲ್ಲ."

"ಒಂದು ವರ್ಷನಾದ್ರೂ..."

"ಆಗಲ್ಲ. ಕಾಲರು ಮಾತ್ರ ಗಟ್ಟಿಯಾಗಿರ್ಲಿ."

ಮಾಲೀಕರು ಮೆಟ್ಟಿಲು ಹತ್ತಿ ಹೋದರು. ಹೆಂಡತಿಯ ಕೈಯಲ್ಲಿದ್ದ ದಾರ ಕಿತ್ತುಹೋಯಿತು. ಆ ಯಂತ್ರಗಳನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು? ಆಕೆ ಮದುವೆಯಾಗಿ ಬಂದ ವಾರವೇ ಈ ಬಾಗಿಲಲ್ಲಿ ಕೂತು ಮೊದಲ ಗುಂಡಿ ಹಾಕಿದವರು. ಮಾಸ್ಟರ್ ಮಾತ್ರ ಬಟ್ಟೆಯ ಗಂಟನ್ನು ಸವರುತ್ತ ನಗುತ್ತಿದ್ದರು.

"ಯಾಕ್ರೀ ನಗ್ತೀರಿ? ತಲೆ ಸರಿ ಇದ್ಯಾ?"

"ತಾವಾಗೇ ಬಂದು ಕೊರಳು ಕೊಟ್ಟಿದಾರೆ ಕಣೇ! ಈ ಕೋಟಿಗೆ ಮೂರು ದಿನ ಹೆಣದ ರಾಗ ಹಾಕಿಸ್ತೀನಿ. ಹಾಕ್ಕೊಂಡ ತಕ್ಷಣ ಕರಗಿ ನೀರಾಗ್ಬೇಕು."

ಹೆಂಡತಿ ಆ ರಾತ್ರಿಯೇ ಹತ್ತು ವರ್ಷದ ಕರಾರು ಪತ್ರವೊಂದನ್ನು ಬರೆಸಿ ಯಂತ್ರದ ಡ್ರಾಯರಿನಲ್ಲಿಟ್ಟರು. ಕೋಟಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಆದರೆ ನಂಬಿಕೆ ಇಲ್ಲದವರೂ ಕಾಗದ ರೆಡಿ ಇಟ್ಟಿರಬೇಕಾಗುತ್ತದೆ.

ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಭಾವಮೈದುನ ಸ್ಟೂಲಿನ ಮೇಲೆ ಕೂತು, ಕೆನ್ನೆ ಉಬ್ಬಿಸಿ ಶುರುಮಾಡಿದ. ಪೆಡಲು ಶವಯಾತ್ರೆಯ ಹೆಜ್ಜೆ ಹಾಕಿತು. ಒಂಬತ್ತಕ್ಕೆ ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡ ಬೋಳಿಸಿ, ಕತ್ತಿ ಕೆಳಗಿಟ್ಟು, "ಏನಿದ್ರೇನು ಬಿಡಿ ಸಾರ್, ಮತ್ತೆ ಬೆಳಿಯತ್ತೆ," ಎಂದು ನಿಟ್ಟುಸಿರುಬಿಟ್ಟ. ಗಿರಾಕಿಯೂ ಹೌದು ಎಂದು ಅರ್ಧ ಗಡ್ಡದಲ್ಲೇ ಎದ್ದು ಹೋದರು. ಬೇಕರಿಯವರು ತಮ್ಮ ಬ್ರೆಡ್ಡು ಉಬ್ಬಲಿಲ್ಲ ಎಂದರು. ಅಂಚೆ ಗುಮಾಸ್ತರು, ಕುಣಿತದ ಪ್ಯಾಂಟಿನಲ್ಲಿದ್ದೂ, ಒಂದು ಶೋಕಪತ್ರಕ್ಕೆ ಮುದ್ರೆ ಒತ್ತಲಾರದೆ ಅದನ್ನು ಎದೆಗೆ ಒತ್ತಿಕೊಂಡು ನಿಂತರು.

ಎರಡನೆಯ ದಿನ ಯಾರೋ ದೂರು ಕೊಟ್ಟು, ನಗರಸಭೆಯ ಗದ್ದಲ ನಿಯಂತ್ರಣದ ಇನ್ಸ್‌ಪೆಕ್ಟರ್ ಬಂದರು. ಮೀಸೆ ತಿರುವುತ್ತ ಒಳಗೆ ಬಂದವರು ನೋಟೀಸು ಪುಸ್ತಕ ತೆಗೆದರು, ಪೆನ್ನು ತೆಗೆದರು, ಆಮೇಲೆ ಟೋಪಿ ತೆಗೆದರು.

"ಮಾಸ್ಟರ್, ನಿಮ್ಗೆ ಗೊತ್ತಾ? ನಾನು ಚಿಕ್ಕವನಿದ್ದಾಗ ಚಿತ್ರ ಬರೀತಿದ್ದೆ."

"ಹೌದಾ ಸಾರ್? ಸ್ವಲ್ಪ ಪಕ್ಕಕ್ಕೆ ಬನ್ನಿ, ಬೆಳಕಿಗೆ ಅಡ್ಡ ಆಗತ್ತೆ."

"ಬಾತುಕೋಳಿ ಬರೀತಿದ್ದೆ. ಎಲ್ಲಾರೂ ಹೊಗಳ್ತಿದ್ರು. ಈಗ ನೋಡಿ, ನೋಟೀಸು ಬರೀತೀನಿ. ಯಾರು ಹೊಗಳ್ತಾರೆ?"

ಅವರು ನೋಟೀಸು ಪುಸ್ತಕದಲ್ಲಿ ಒಂದು ಬಾತುಕೋಳಿ ಬರೆದು, ಸಹಿ ಹಾಕಿ, ಮೊದಲ ಪ್ರತಿಯನ್ನು ಮಾಸ್ಟರಿಗೆ ಕೊಟ್ಟು, ಎರಡನೆಯದನ್ನು ಕಚೇರಿಗೆಂದು ಇಟ್ಟುಕೊಂಡು ಮೂಗು ಒರೆಸುತ್ತ ಹೊರಟರು.

ಇಡೀ ಬೀದಿಯಲ್ಲಿ ಲವಲವಿಕೆಯಿಂದ ಇದ್ದವರು ಒಬ್ಬರೇ: ಮಾಸ್ಟರ್. "ಎಲ್ಲಾ ಯಾಕೋ ಸಪ್ಪಗಿದಾರಲ್ಲ, ಹವೆ ಸರಿ ಇಲ್ವೇನೋ," ಎನ್ನುತ್ತ ಅವರು ಕೋಟಿನ ಬೆನ್ನು ಜೋಡಿಸಿದರು.

ಮೇಲಿನ ಮಹಡಿಯಲ್ಲಿ ಏನಾಗುತ್ತಿದೆ ಎಂದು ಯಾರೂ ಯೋಚಿಸಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಬೇಕರಿಯವರು ಓಡಿ ಬಂದು ಸುದ್ದಿ ಹೇಳಿದರು.

"ಅಕ್ಕಾ, ನಿಮ್ಮ ಮಾಲೀಕರಿಗೆ ಏನೋ ಆಗಿದೆ. ಆರನೇ ಕ್ಲಾಸಲ್ಲಿ ನನ್ನ ಪೆನ್ಸಿಲ್ ಕದ್ದಿದ್ರಂತೆ. ಐವತ್ತು ವರ್ಷ ಆದ್ಮೇಲೆ ಈಗ ಬಂದು ನನ್ನ ತಬ್ಕೊಂಡು ಒಂದು ಡಜನ್ ಪೆನ್ಸಿಲ್ ಕೊಟ್ರು! ನಾನು ಪೆನ್ಸಿಲ್ ತಗೊಂಡು ಏನ್ ಮಾಡ್ಲಿ, ಬ್ರೆಡ್ಡಿಗೆ ಚುಚ್ಲಾ?"

ಹೆಂಡತಿಯ ಕಿವಿ ನೆಟ್ಟಗಾಯಿತು. ಆಕೆ ಸೂರು ನೋಡಿದರು, ತುತ್ತೂರಿ ನೋಡಿದರು, ಮೆಲ್ಲಗೆ ಡ್ರಾಯರು ಎಳೆದರು.

ಸಂಜೆ ಐದೂವರೆಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಮಾಲೀಕರು ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತರು. ಕಣ್ಣು ಕೆಂಪಗೆ. ತುತ್ತೂರಿ ನಡೆದೇ ಇತ್ತು. ಭಾವ ನಿಲ್ಲಿಸು ಎಂದಿರಲಿಲ್ಲ.

"ಮಾಸ್ಟರ್," ಎಂದರು, "ಟೈಲ್ಸ್‌ನೋರಿಗೆ ಬೇಡ ಅಂದ್ಬಿಡ್ತೀನಿ. ಅಂಗಡಿ ನೀವೇ ಇಟ್ಕೊಳ್ಳಿ."

ಇಂಥ ಹೊತ್ತಿನಲ್ಲಿ ನಾನಾಗಲಿ ನೀವಾಗಲಿ ಏನು ಮಾಡುತ್ತಿದ್ದೆವೆಂದು ಹೇಳಬೇಕಾಗಿಲ್ಲ. ಮಾಸ್ಟರ್ ಹುಬ್ಬು ಗಂಟಿಕ್ಕಿದರು.

"ಇಲ್ಲ ಸಾರ್. ನೀವು ಹಾಗೆ ಹೇಳೋ ಹಾಗಿಲ್ಲ."

"ಯಾಕಪ್ಪಾ?"

"ಕೋಟು ಇನ್ನೂ ಮುಗಿದಿಲ್ಲ. ತೋಳೇ ಹಚ್ಚಿಲ್ಲ. ಹಾಕ್ಕೊಳ್ದೇ ಇರೋ ಕೋಟಿಂದ ಮನಸ್ಸು ಹೇಗೆ ಕರಗತ್ತೆ? ಏನೋ ಉಪಾಯ ಮಾಡ್ತಿದೀರಿ ನೀವು."

"ರೀ!" ಹೆಂಡತಿ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ತಗಡಿನ ಟೋಪಿಯಿಂದ ಅವರ ತಲೆಗೆ ಟಕ್ಕೆಂದು ಕುಟ್ಟಿದರು. "ಬಾಯಿಗೆ ಎರಡು ಹೊಲಿಗೆ ಹಾಕ್ಕೊಳ್ರೀ! ಸಾಹೇಬ್ರೇ, ಇಲ್ಲೊಂದು ಸಹಿ."

ಮಾಲೀಕರು ಪೆನ್ನು ತೆಗೆದುಕೊಂಡರು. ಅದನ್ನು ಕಂಡ ಭಾವಮೈದುನನಿಗೆ ಸಂತೋಷ ಉಕ್ಕಿತು. ಸಂತೋಷವಾದರೆ ಆತ ಊದುವುದು ಒಂದೇ ರೀತಿ. ರಾಗ ಓಡತೊಡಗಿತು. ಮಾಲೀಕರ ಬೆನ್ನು ನೆಟ್ಟಗಾಯಿತು, ಗದ್ದ ಮೇಲೆ ಬಂತು, ಕರವಸ್ತ್ರ ಜೇಬಿಗೆ ಹೋಯಿತು.

"ಇದೇನಿದು? ಹತ್ತು ವರ್ಷ? ಆಗಲ್ಲ! ನಾಳೆ ಬೆಳಿಗ್ಗೆನೇ ಲಾರಿ ತರಿಸ್ತೀನಿ!"

"ನೋಡಿದ್ಯಾ?" ಮಾಸ್ಟರ್ ಚಪ್ಪಾಳೆ ತಟ್ಟಿದರು. "ನಾನು ಹೇಳ್ಲಿಲ್ವಾ? ಕೋಟಿಲ್ದೇ ಏನೂ ನಡಿಯಲ್ಲ!" ತನ್ನ ಅಂಗಡಿ ಕೈಬಿಟ್ಟು ಹೋದದ್ದಕ್ಕೆ ಇಷ್ಟು ಹಿಗ್ಗಿದ ಮನುಷ್ಯನನ್ನು ನಾವು ಹಿಂದೆ ನೋಡಿರಲಿಲ್ಲ. ಅವರು ಕೂಡಲೇ ಯಂತ್ರದ ಮುಂದೆ ಕೂತು ಮೊದಲ ತೋಳನ್ನು ಹಚ್ಚತೊಡಗಿದರು.

"ಲೋ, ನಿಧಾನ!" ಹೆಂಡತಿ ತಮ್ಮನತ್ತ ಅಳತೆಕೋಲು ಬೀಸಿದರು. "ಹೆಣದ್ದು ಊದೋ, ಹೆಣದ್ದು!"

ರಾಗ ಕುಂಟಿತು. ಮಾಲೀಕರ ತುಟಿ ನಡುಗಿತು. "ಅಯ್ಯೋ, ನಾನೂ ಒಬ್ಬ ಮನುಷ್ಯನಾ? ಕೊಡಮ್ಮಾ ಆ ಕಾಗದ."

"ಬಂತಕ್ಕಾ, ಬಂತು!" ಎಂಬ ಹಿಗ್ಗಿನಲ್ಲಿ ತುತ್ತೂರಿ ಮತ್ತೆ ಓಡಿತು.

"ಆಗಲ್ಲ!"

"ಹೆಣದ್ದೋ!"

"ಕೊಡಮ್ಮಾ..."

ಬಾಗಿಲಲ್ಲಿ ಬೀದಿಯೇ ನೆರೆದಿತ್ತು. ಎಲ್ಲರೂ ಒಟ್ಟಿಗೆ ಕುಣಿದು ಒಟ್ಟಿಗೆ ಅಳುತ್ತಿದ್ದರು. ಅಂಚೆ ಗುಮಾಸ್ತರು ಕ್ಷೌರದವನ ಸೊಂಟ ಹಿಡಿದು ಎರಡು ಸುತ್ತು ತಿರುಗಿ, ಮೂರನೆಯ ಸುತ್ತಿಗೆ ಅವನ ಹೆಗಲ ಮೇಲೆ ಬಿಕ್ಕಿದರು. ಅತ್ತೆ ಸೊಸೆಯರು ಒಬ್ಬರನ್ನೊಬ್ಬರು ತಬ್ಬಿಕೊಂಡರು, ಮತ್ತೆ ಬಿಟ್ಟರು, ಮತ್ತೆ ತಬ್ಬಿಕೊಂಡರು. ಇನ್ಸ್‌ಪೆಕ್ಟರ್ ಸಾಹೇಬರು ಗುಂಪಿನ ಹಿಂದೆ ನಿಂತು ಎರಡು ಬಾತುಕೋಳಿ ಮುಗಿಸಿದ್ದರು, ಒಂದು ನಗುವುದು, ಒಂದು ಅಳುವುದು. ಕರಾರು ಪತ್ರದ ಮೇಲೆ ಮಾಲೀಕರ ಹೆಸರಿನ ಮೊದಲ ಅಕ್ಷರ ನಾಲ್ಕು ಸಲ ಶುರುವಾಗಿ ನಾಲ್ಕು ಸಲ ನಿಂತಿತ್ತು.

ಈ ಗದ್ದಲದಲ್ಲಿ ಮಾಸ್ಟರ್ ಒಂದು ತೋಳು ಹಚ್ಚಿ ಮುಗಿಸಿ, ಕೋಟನ್ನು ಮಾಲೀಕರ ಮೈಗೆ ಹಾಕಿಯೂ ಬಿಟ್ಟರು. ಎರಡನೆಯ ತೋಳಿಗೆ ಕೈ ಚಾಚಿದರೆ ಅದು ಮೇಜಿನ ಮೇಲಿರಲಿಲ್ಲ. ಹೆಂಡತಿ ತಾಳ್ಮೆಗೆಟ್ಟು ಅದನ್ನು ಎಳೆದುಕೊಂಡು, ಮುದುರಿ, ತಮ್ಮನ ತುತ್ತೂರಿಯ ಬಾಯಿಗೆ ಮೊಣಕೈವರೆಗೆ ತುರುಕಿದ್ದರು.

ಪುಸ್ ಎಂದಿತು ತುತ್ತೂರಿ. ಆಮೇಲೆ ಏನೂ ಇಲ್ಲ.

ಮೂರು ದಿನದಲ್ಲಿ ಮೊದಲ ಬಾರಿಗೆ ಬೀದಿ ನಿಶ್ಶಬ್ದವಾಯಿತು. ಮಹಡಿಯ ಸೋರುವ ನಲ್ಲಿಯ ಹನಿ ಕೇಳಿಸಿತು. ಜನ ತಬ್ಬಿಕೊಂಡವರನ್ನು ಬಿಟ್ಟು, ಮುಜುಗರದಿಂದ ಅಂಗಿ ಸರಿಮಾಡಿಕೊಂಡರು. ಒಂದು ತೋಳಿನ ಕೋಟಿನಲ್ಲಿ ಮಾಲೀಕರು ನಿಂತಿದ್ದರು. ಮುಖದಲ್ಲಿ ಅಳುವೂ ಇಲ್ಲ, ಗತ್ತೂ ಇಲ್ಲ. ಅವರು ಕಾಗದ ನೋಡಿದರು, ಯಂತ್ರಗಳನ್ನು ನೋಡಿದರು, ನಲ್ಲಿಯ ಹನಿ ಬೀಳುವುದನ್ನು ಕೇಳಿದರು. ರಾಗವಿಲ್ಲದ ಮಾಲೀಕರು ಎಂಥವರು ಎಂದು ಯಾರಿಗೂ ಗೊತ್ತಿರಲಿಲ್ಲ, ಪ್ರಾಯಶಃ ಅವರಿಗೂ.

"ಮಾಸ್ಟರ್," ಎಂದರು ಕೊನೆಗೆ, "ಇದು ಮನಸ್ಸು ಕರಗಿಸೋ ಕೋಟಂತೆ, ನಿಜವಾ?"

ಹೆಂಡತಿ ಕಣ್ಣು ಮುಚ್ಚಿಕೊಂಡರು. ಮೇಜಿನ ಕೆಳಗೆ ಮಂಡಿಯೂರಿ ತೋಳು ಹುಡುಕುತ್ತಿದ್ದ ಮಾಸ್ಟರ್ ತಲೆ ಎತ್ತಿದರು.

"ನಿಜ ಸಾರ್. ಆದ್ರೆ ಒಂದು ತೋಳು ಬಾಕಿ ಇದೆ. ಅವಸರ ಮಾಡ್ಬೇಡಿ. ಈಗ ಸಹಿ ಹಾಕಿದ್ರೆ ಅದು ಕೋಟು ಹಾಕಿದ ಸಹಿ ಆಗಲ್ಲ, ನಿಮ್ದೇ ಸಹಿ ಆಗ್ಬಿಡತ್ತೆ. ಆಮೇಲೆ ನನ್ನ ಅನ್ಬೇಡಿ."

ಮಾಲೀಕರು ಅವರನ್ನೇ ದಿಟ್ಟಿಸಿದರು. ಆಮೇಲೆ ಅವರ ಹೊಟ್ಟೆ ಅಲುಗಿತು, ಹೆಗಲು ಅಲುಗಿತು, ಕೋಟಿನ ಕಂಕುಳ ಹೊಲಿಗೆ ಚರ್ ಎಂದಿತು. ಅವರು ನಗುತ್ತಿದ್ದರು. ಬೀದಿಯವರು ಆ ದೃಶ್ಯ ಕಂಡದ್ದು ಅದೇ ಮೊದಲು. ಕೆಲವರು ಡಾಕ್ಟರನ್ನು ಕರೆಯಲು ಹೊರಟಿದ್ದರು.

"ನಂದೇ ಸಹಿ ಆಗ್ಲಿ ಬಿಡ್ರೀ," ಎಂದವರು ಕಾಗದ ಎಳೆದುಕೊಂಡರು. 'ಹತ್ತು ವರ್ಷ' ಎಂದಿದ್ದನ್ನು ಹೊಡೆದು 'ಐದು ವರ್ಷ' ಎಂದು ಬರೆದರು. ಸಹಿಯನ್ನು ಪೂರ್ತಿ ಹಾಕಿದರು. "ಟೈಲ್ಸ್‌ನೋರಿಗೆ ನಾನೇ ಹೇಳ್ತೀನಿ. ಆದ್ರೆ ಆ ತುತ್ತೂರಿ ಇನ್ನೊಂದು ಸಲ ಈ ಕಟ್ಟಡದಲ್ಲಿ ಉಸಿರೆತ್ತಿದ್ರೆ, ನೋಡಿ ಮತ್ತೆ!"

ಬೀದಿಯವರು ಕೇಕೆ ಹಾಕಿದರು. ಬೇಕರಿಯವರು ಎಲ್ಲರಿಗೂ ಬಿಸ್ಕತ್ತು ಹಂಚಿದರು, ಜೊತೆಗೆ ತಲೆಗೊಂದು ಪೆನ್ಸಿಲ್. ಭಾವಮೈದುನ ತುತ್ತೂರಿಯನ್ನು ತಲೆಕೆಳಗು ಮಾಡಿ ಕುಟ್ಟುತ್ತಿದ್ದ, ತೋಳು ಬರಲೊಲ್ಲದು. ಹೆಂಡತಿ ಕರಾರು ಪತ್ರವನ್ನು ಎರಡು ಸಲ ಓದಿ, ಮಡಚಿ, ಎದೆಗೊತ್ತಿಕೊಂಡು, ಕಣ್ಣೊರೆಸಿಕೊಂಡರು. ಈ ಸಲ ಯಾವ ರಾಗವೂ ಕೇಳುತ್ತಿರಲಿಲ್ಲ.

ಮಾಸ್ಟರ್ ಮಾತ್ರ ಸ್ಟೂಲಿನ ಮೇಲೆ ಮುಖ ಇಳಿಬಿಟ್ಟು ಕೂತಿದ್ದರು.

"ಇನ್ನೇನಾಯ್ತ್ರೀ ನಿಮ್ಗೆ? ಅಂಗಡಿ ಉಳೀತಲ್ಲ!"

"ಸ್ವಲ್ಪ ಲೆಕ್ಕ ಹಾಕು," ಎಂದರು ಮಾಸ್ಟರ್, ತುತ್ತೂರಿಯಿಂದ ಇಣುಕುತ್ತಿದ್ದ ಬಟ್ಟೆಯ ತುದಿಯನ್ನು ನೋಡುತ್ತ. "ಒಂದು ತೋಳಿಗೆ ಐದು ವರ್ಷ ಸಿಕ್ತು. ನೀನು ಅದನ್ನ ಅಲ್ಲಿ ತುರುಕದೇ ಇದ್ದಿದ್ರೆ ಹತ್ತೂ ಸಿಗ್ತಿತ್ತು."